ಕೋಡಿಂಗ್ ಕೆಲವರಿಗೆ ಮಾತ್ರ ಬರುತ್ತದೆಯೇ? ತರಗತಿಯಲ್ಲಿ ಏನು ಬದಲಾದರೆ ಹೆಚ್ಚು ಮಕ್ಕಳು ಕಲಿಯಬಹುದು?

"ಕೋಡಿಂಗ್ ಎಲ್ಲರಿಗೂ ಬರುವುದಿಲ್ಲ, ಅದಕ್ಕೆ ಹುಟ್ಟಿನಿಂದಲೇ ಲಾಜಿಕ್ ತಲೆ ಇರಬೇಕು." "ಆರು ವರ್ಷಕ್ಕೇ ಕೋಡಿಂಗ್ ಕಲಿಸದಿದ್ದರೆ ನಿಮ್ಮ ಮಗು ಹಿಂದೆ ಬೀಳುತ್ತದೆ." ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶಗಳು ಆಗಾಗ ಬರುತ್ತಿರುತ್ತವೆ. ಮೊದಲನೆಯದನ್ನು ಓದಿದವರು ಕೈಚೆಲ್ಲುತ್ತಾರೆ, ಎರಡನೆಯದನ್ನು ಓದಿದವರು ಸಾಲ ಮಾಡಿಯಾದರೂ ಕೋರ್ಸ್‌ಗೆ ಸೇರಿಸುತ್ತಾರೆ. ಎರಡಕ್ಕೂ ಆಧಾರವಿದೆಯೇ? ಪ್ರೋಗ್ರಾಮಿಂಗ್‌ನ ಮೊದಲ ಪಾಠವನ್ನು ಹೇಗೆ ಕಲಿಸಿದರೆ ಹೆಚ್ಚು ಮಕ್ಕಳಿಗೆ ಅರ್ಥವಾಗುತ್ತದೆ? ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ:

- ಕೋಡಿಂಗ್ ಕಲಿಯಲು ಹುಟ್ಟಿನಿಂದ ಬಂದ ವಿಶೇಷ ಪ್ರತಿಭೆ ಬೇಕು ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.
- ಮೊದಲ ಕೋರ್ಸ್‌ನಲ್ಲಿ ಅನೇಕರು ಸೋಲುವುದು ನಿಜ. ಕಲಿಸುವ ವಿಧಾನ ಬದಲಾದಾಗ ಸೋಲುವವರ ಸಂಖ್ಯೆ ಇಳಿದಿರುವುದೂ ನಿಜ.
- ಕೋಡ್ ಬರೆಯುವ ಮುನ್ನ ಓದಲು ಕಲಿಸುವುದು ಈ ವಿಧಾನಗಳಲ್ಲಿ ಮುಖ್ಯವಾದದ್ದು.

ಈ ನಂಬಿಕೆ ಎಲ್ಲಿಂದ ಬಂತು?

ಪ್ರೋಗ್ರಾಮಿಂಗ್‌ನ ಮೊದಲ ಕೋರ್ಸ್ ಎಲ್ಲ ಕಡೆಯೂ ಕಷ್ಟವೇ. 15 ದೇಶಗಳ 161 ಕೋರ್ಸ್‌ಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸರಾಸರಿ ಶೇ. 67.7ರಷ್ಟು ವಿದ್ಯಾರ್ಥಿಗಳು ಪಾಸಾಗಿದ್ದರು. ಅಂದರೆ ಸುಮಾರು ಮೂವರಲ್ಲಿ ಒಬ್ಬರು ಪಾಸಾಗಿರಲಿಲ್ಲ.

ಇದನ್ನು ನೋಡಿದ ಅನೇಕ ಅಧ್ಯಾಪಕರು "ತರಗತಿಯಲ್ಲಿ ಎರಡೇ ಗುಂಪು: ಬರುವವರು, ಬಾರದವರು" ಎಂದುಕೊಂಡರು. 2006ರಲ್ಲಿ ಇಂಗ್ಲೆಂಡಿನ ಮಿಡಲ್‌ಸೆಕ್ಸ್ ವಿಶ್ವವಿದ್ಯಾಲಯದ ಸಯೀದ್ ದೆಹ್ನಾದಿ ಮತ್ತು ರಿಚರ್ಡ್ ಬೋರ್ನಾಟ್ ಬರೆದ ಪ್ರಬಂಧವೊಂದು ಈ ಅನಿಸಿಕೆಗೆ ಬಲ ಕೊಟ್ಟಿತು. ಕೋರ್ಸ್ ಶುರುವಾಗುವ ಮೊದಲೇ ಒಂದು ಚಿಕ್ಕ ಪರೀಕ್ಷೆ ಕೊಟ್ಟು, ಯಾರಿಗೆ ಪ್ರೋಗ್ರಾಮಿಂಗ್ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಬೇರ್ಪಡಿಸಬಹುದು ಎಂಬುದು ಅದರ ವಾದ. ಅದು ಇಂಟರ್ನೆಟ್‌ನಲ್ಲಿ ಬಹಳ ಹರಡಿತು.

ಅಷ್ಟಾಗಿ ಹರಡದ ಸುದ್ದಿ ಇನ್ನೊಂದಿದೆ. 2014ರಲ್ಲಿ ಬೋರ್ನಾಟ್ ಅವರೇ ಆ ವಾದವನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. 2016ರಲ್ಲಿ ಎಲಿಜಬೆತ್ ಪಟಿಟ್ಸಾಸ್ ಮತ್ತು ಸಂಗಡಿಗರು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಕೋರ್ಸ್‌ಗಳ 778 ಅಂಕಪಟ್ಟಿಗಳನ್ನು ಪರಿಶೀಲಿಸಿದರು. ಅಂಕಗಳು ಎರಡು ಗುಂಪಾಗಿ ಒಡೆದಂತೆ ಕಂಡದ್ದು ಶೇ. 6ಕ್ಕಿಂತ ಕಡಿಮೆ ಪಟ್ಟಿಗಳಲ್ಲಿ ಮಾತ್ರ. ಉಳಿದವುಗಳಲ್ಲಿ ಬೇರೆ ವಿಷಯಗಳಂತೆಯೇ ಹೆಚ್ಚಿನವರು ನಡುವೆ, ಕೆಲವರು ಮೇಲೆ, ಕೆಲವರು ಕೆಳಗೆ ಇದ್ದರು.

ಹಾಗಾದರೆ ಕೆಲವರು ಮೊದಲ ದಿನವೇ ಮುಂದಿರುವುದೇಕೆ?

ಬಹಳ ಸಲ ಉತ್ತರ ಸರಳ: ಅವರು ಮೊದಲೇ ಕಲಿತಿರುತ್ತಾರೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದ, ಶಾಲೆಯಲ್ಲಿ ಸ್ವಲ್ಪ ಪೈಥಾನ್ ನೋಡಿದ್ದ ಹುಡುಗ ಮೊದಲ ವಾರವೇ ಪಟಪಟನೆ ಉತ್ತರ ಹೇಳುತ್ತಾನೆ. ಕಾಲೇಜಿಗೆ ಬಂದ ಮೇಲೆಯೇ ಕೀಬೋರ್ಡ್ ಮುಟ್ಟಿದ ಹುಡುಗಿ ಅದನ್ನು ನೋಡಿ "ಇದು ನನ್ನಂಥವರಿಗಲ್ಲ" ಎಂದು ತೀರ್ಮಾನಿಸುತ್ತಾಳೆ. ಅವಳು ಪ್ರತಿಭೆ ಎಂದುಕೊಂಡದ್ದು ಅವನ ಹಳೆಯ ಅಭ್ಯಾಸ ಅಷ್ಟೇ.

ಅಮೆರಿಕದ ಹಾರ್ವಿ ಮಡ್ ಕಾಲೇಜಿನ ಉದಾಹರಣೆ ನೋಡಿ. ಅಲ್ಲಿ 2006ರ ಹೊತ್ತಿಗೆ ಕಂಪ್ಯೂಟರ್ ಸೈನ್ಸ್ ಆರಿಸಿಕೊಳ್ಳುತ್ತಿದ್ದವರಲ್ಲಿ ಹುಡುಗಿಯರು ಸುಮಾರು ಶೇ. 10 ಮಾತ್ರ. ಕಾಲೇಜು ಮೊದಲ ಕೋರ್ಸ್ ಅನ್ನೇ ಬದಲಿಸಿತು. ಜಾವಾ ಬದಲು ಪೈಥಾನ್ ತಂದಿತು. ಮೊದಲೇ ಕೋಡಿಂಗ್ ಗೊತ್ತಿದ್ದವರನ್ನೂ ಹೊಸಬರನ್ನೂ ಬೇರೆ ಬೇರೆ ವಿಭಾಗಗಳಲ್ಲಿ ಕೂರಿಸಿತು. ಕೆಲವೇ ವರ್ಷಗಳಲ್ಲಿ ಹುಡುಗಿಯರ ಪ್ರಮಾಣ ಸುಮಾರು ಶೇ. 40ಕ್ಕೆ ಏರಿತು. ಅಷ್ಟು ಬೇಗ ಹುಟ್ಟುಪ್ರತಿಭೆ ಬದಲಾಗಲು ಸಾಧ್ಯವಿಲ್ಲ.

ಕನ್ನಡ ಮಾಧ್ಯಮದವರಿಗೆ ಎರಡು ಹೊರೆ

ಪ್ರೋಗ್ರಾಮಿಂಗ್ ಭಾಷೆಗಳ ಪದಗಳು, ಪುಸ್ತಕಗಳು, ಎರರ್ ಸಂದೇಶಗಳು ಬಹುತೇಕ ಇಂಗ್ಲಿಷ್‌ನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಹೊಸ ವಿಷಯವನ್ನೂ ಹೊಸ ಭಾಷೆಯನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ಸಂಶೋಧಕ ಫಿಲಿಪ್ ಗುವೊ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 86 ದೇಶಗಳ 840 ಜನ ಉತ್ತರಿಸಿದ್ದರು. ಇಂಗ್ಲಿಷ್ ಮನೆಮಾತಲ್ಲದವರು ಪಠ್ಯ ಓದುವಾಗ, ಕೋಡ್ ಓದಿ ಬರೆಯುವಾಗ, ಸಹಾಯ ಕೇಳುವಾಗ ಎದುರಿಸುವ ಅಡಚಣೆಗಳು ಅದರಲ್ಲಿ ದಾಖಲಾಗಿವೆ. ಭಾಷೆಯ ತೊಡಕನ್ನು ಬುದ್ಧಿಯ ಕೊರತೆ ಎಂದು ತಿಳಿಯುವುದು ತಪ್ಪು.

ಶಿಕ್ಷಕರು ಇದಕ್ಕೆ ಮಾಡಬಹುದಾದ ಸುಲಭದ ಕೆಲಸವೊಂದಿದೆ. ಪದೇ ಪದೇ ಬರುವ ಎರರ್‌ಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಲ್ಯಾಬ್ ಗೋಡೆಗೆ ಅಂಟಿಸುವುದು:

- ಸಿಂಟ್ಯಾಕ್ಸ್ ಎರರ್: ಬರೆಯುವ ನಿಯಮ ಎಲ್ಲೋ ತಪ್ಪಿದೆ. ಆವರಣ, ಕೋಲನ್, ಉದ್ಧರಣ ಚಿಹ್ನೆ ನೋಡಿ.
- ನೇಮ್ ಎರರ್: ಈ ಹೆಸರು ನನಗೆ ಗೊತ್ತಿಲ್ಲ. ಕಾಗುಣಿತ ನೋಡಿ.
- ಇಂಡೆಂಟೇಶನ್ ಎರರ್: ಸಾಲಿನ ಮುಂದೆ ಬಿಟ್ಟ ಜಾಗ ಸರಿಯಿಲ್ಲ.

ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಮೊದಲ ಕೆಲವು ಪಾಠಗಳಿಗೆ ಇದು ನೆರವಾಗಬಹುದು.

ಕಲಿಸುವ 5 ವಿಧಾನಗಳು

1. ಮೊದಲು ಓದಿಸಿ, ಆಮೇಲೆ ಬರೆಸಿ

ಅಕ್ಷರ ಕಲಿತ ಮಾರನೇ ದಿನ ಯಾರೂ ಮಗುವಿನಿಂದ ಪ್ರಬಂಧ ಬರೆಸುವುದಿಲ್ಲ. ಆದರೆ ಕೋಡಿಂಗ್ ತರಗತಿಯಲ್ಲಿ ಎರಡನೇ ವಾರವೇ "ಪ್ರೋಗ್ರಾಂ ಬರೆಯಿರಿ" ಎನ್ನುತ್ತೇವೆ. ಇದರ ಪರಿಣಾಮ 2001ರ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಕಂಡಿತು. ಮೊದಲ ಕೋರ್ಸ್ ಮುಗಿಸಿದ 216 ವಿದ್ಯಾರ್ಥಿಗಳಿಗೆ ಪ್ರೋಗ್ರಾಂ ಬರೆಯಲು ಕೊಟ್ಟಾಗ ಸಿಕ್ಕ ಸರಾಸರಿ ಅಂಕ 110ಕ್ಕೆ 22.89 ಮಾತ್ರ. 2004ರಲ್ಲಿ 7 ದೇಶಗಳಲ್ಲಿ ನಡೆದ ಮುಂದಿನ ಅಧ್ಯಯನದಲ್ಲಿ, ಅನೇಕರಿಗೆ ಚಿಕ್ಕ ಕೋಡ್ ಓದಿ ಅದು ಏನು ಮಾಡುತ್ತದೆ ಎಂದು ಹೇಳುವುದೇ ಕಷ್ಟವಾಗಿತ್ತು ಎಂದು ಗೊತ್ತಾಯಿತು.

ಈ ಮೂರು ಸಾಲು ನೋಡಿ:

ಅಕ್ಕಿ = 50
ಬೇಳೆ = ಅಕ್ಕಿ
ಅಕ್ಕಿ = 60

ಈಗ ಬೇಳೆ ಎಷ್ಟು? "60" ಎಂದಿರಾ? ಹೊಸದಾಗಿ ಕಲಿಯುವ ಅನೇಕರು ಹಾಗೇ ಹೇಳುತ್ತಾರೆ. ಸರಿಯುತ್ತರ 50. ಗಣಿತದಲ್ಲಿ ಈ ಚಿಹ್ನೆಗೆ "ಎರಡೂ ಸಮ" ಎಂದರ್ಥ. ಇಲ್ಲಿ ಅದರ ಅರ್ಥ "ಬಲಗಡೆ ಇರುವ ಬೆಲೆಯನ್ನು ಎಡಗಡೆಯ ಡಬ್ಬಿಗೆ ಹಾಕು" ಎಂದು. ಎರಡನೇ ಸಾಲಿನಲ್ಲಿ ಬೇಳೆ ಡಬ್ಬಿಗೆ 50 ಬಿತ್ತು. ಮೂರನೇ ಸಾಲು ಅಕ್ಕಿ ಡಬ್ಬಿಯನ್ನಷ್ಟೇ ಬದಲಿಸಿತು. ಶಿಕ್ಷಕರು ಎರಡು ನಿಜವಾದ ಡಬ್ಬಿ, ಕೆಲವು ಚೀಟಿ ಇಟ್ಟುಕೊಂಡು ಇದನ್ನು ತೋರಿಸಬಹುದು. ಪ್ರತಿ ಸಾಲಿನ ನಂತರ ಯಾವ ಡಬ್ಬಿಯಲ್ಲಿ ಎಷ್ಟಿದೆ ಎಂದು ನೋಟ್‌ಬುಕ್‌ನಲ್ಲಿ ಕೋಷ್ಟಕ ಬರೆಸುವುದಕ್ಕೆ ಟ್ರೇಸಿಂಗ್ ಎನ್ನುತ್ತಾರೆ. ಇದನ್ನೇ ಪರದೆಯ ಮೇಲೆ ಸಾಲು ಸಾಲಾಗಿ ತೋರಿಸುವ 'ಪೈಥಾನ್ ಟ್ಯೂಟರ್' ಎಂಬ ಉಚಿತ ತಾಣವೂ ಇದೆ.

2. ಊಹಿಸಿ, ಓಡಿಸಿ, ತಿದ್ದಿ, ಆಮೇಲೆ ಹೊಸದು ಬರೆಯಿರಿ

ಬ್ರಿಟನ್ನಿನ ಸಂಶೋಧಕಿ ಸೂ ಸೆಂಟೆನ್ಸ್ ಮತ್ತು ಸಂಗಡಿಗರು ರೂಪಿಸಿದ ಈ ಕ್ರಮಕ್ಕೆ 'ಪ್ರಿಮ್' ಎಂದು ಹೆಸರು. ಇದರಲ್ಲಿ ಐದು ಮೆಟ್ಟಿಲುಗಳಿವೆ. ಸಿದ್ಧ ಕೋಡ್ ನೋಡಿ ಏನಾಗುತ್ತದೆಂದು ಊಹಿಸುವುದು, ಓಡಿಸಿ ನೋಡುವುದು, ಯಾವ ಸಾಲು ಏನು ಮಾಡುತ್ತದೆಂದು ಪರಿಶೀಲಿಸುವುದು, ಸ್ವಲ್ಪ ತಿದ್ದುವುದು, ಕೊನೆಗೆ ತಾವೇ ಹೊಸದು ಬರೆಯುವುದು. ಖಾಲಿ ಪರದೆಯ ಭಯ ಇಲ್ಲಿಲ್ಲ. ಊಹೆ ತಪ್ಪಾದರೆ ಅದೇ ಆ ದಿನದ ಪಾಠವಾಗುತ್ತದೆ. ಇಂಗ್ಲೆಂಡಿನಲ್ಲಿ 11ರಿಂದ 14 ವರ್ಷದ ಮಕ್ಕಳೊಂದಿಗೆ ಇದನ್ನು ಪರೀಕ್ಷಿಸಿದಾಗ, ಮಾಮೂಲಿ ವಿಧಾನದಲ್ಲಿ ಕಲಿತವರಿಗಿಂತ ಇವರ ಫಲಿತಾಂಶ ಉತ್ತಮವಾಗಿತ್ತು.

3. ಸಾಲುಗಳನ್ನು ಕಲಸಿ ಕೊಡಿ

ಸರಿಯಾದ ಪ್ರೋಗ್ರಾಂನ ಸಾಲುಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, "ಸರಿಯಾದ ಕ್ರಮದಲ್ಲಿ ಜೋಡಿಸಿ" ಎಂದು ಹೇಳುವುದು. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ 2006ರಲ್ಲಿ ಇದನ್ನು ಪರಿಚಯಿಸಿದರು. ತರಗತಿಯ ಅತಿ ಹೆಚ್ಚು ಅಂಕ ಹುಡುಕುವ ಈ ಐದು ಚೀಟಿಗಳನ್ನು ಜೋಡಿಸಿ ನೋಡಿ:

- ಈ ಅಂಕ 'ದೊಡ್ಡದು'ಕ್ಕಿಂತ ಹೆಚ್ಚಿದ್ದರೆ
- 'ದೊಡ್ಡದು' ತೋರಿಸು
- ದೊಡ್ಡದು = ಪಟ್ಟಿಯ ಮೊದಲ ಅಂಕ
- ದೊಡ್ಡದು = ಈ ಅಂಕ
- ಉಳಿದ ಅಂಕಗಳನ್ನು ಒಂದೊಂದಾಗಿ ತೆಗೆದುಕೊ

ಸರಿಯಾದ ಕ್ರಮ: ಮೂರು, ಐದು, ಒಂದು, ನಾಲ್ಕು, ಎರಡು. ಟೈಪಿಂಗ್ ತಪ್ಪುಗಳ ಗೋಜಿಲ್ಲದೆ ತರ್ಕದ ಮೇಲಷ್ಟೇ ಗಮನ ಉಳಿಯುತ್ತದೆ. 2017ರ ಒಂದು ಅಧ್ಯಯನದಲ್ಲಿ, ಹೀಗೆ ಕಲಿತವರು ಪೂರ್ತಿ ಕೋಡ್ ಬರೆದು ಕಲಿತವರಷ್ಟೇ ಕಲಿತರು, ಆದರೆ ಕಡಿಮೆ ಸಮಯದಲ್ಲಿ.

4. ಪ್ರಶ್ನೆ ಕೇಳಿ, ಪಕ್ಕದವರೊಂದಿಗೆ ಚರ್ಚಿಸಲು ಬಿಡಿ

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಜನಪ್ರಿಯಗೊಳಿಸಿದ ವಿಧಾನವಿದು. ಶಿಕ್ಷಕರು ಆಯ್ಕೆಗಳಿರುವ ಒಂದು ಪ್ರಶ್ನೆ ಹಾಕುತ್ತಾರೆ. ಪ್ರತಿಯೊಬ್ಬರೂ ಮೊದಲು ತಾವೇ ಉತ್ತರಿಸುತ್ತಾರೆ. ನಂತರ ಪಕ್ಕದವರೊಂದಿಗೆ ಚರ್ಚಿಸಿ ಮತ್ತೆ ಉತ್ತರಿಸುತ್ತಾರೆ. ಆಮೇಲೆ ವಿವರಣೆ. ಅಮೆರಿಕದ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್‌ನ 4 ಕೋರ್ಸ್‌ಗಳಲ್ಲಿ ಇದನ್ನು ಬಳಸಿದ ತರಗತಿಗಳನ್ನು ಮಾಮೂಲಿ ತರಗತಿಗಳೊಂದಿಗೆ ಹೋಲಿಸಿದರು. ಫೇಲಾದವರ ಪ್ರಮಾಣ ಶೇ. 20ರಿಂದ ಶೇ. 7ಕ್ಕೆ ಇಳಿದಿತ್ತು (2013). ಇದಕ್ಕೆ ದುಬಾರಿ ಯಂತ್ರ ಬೇಡ. ಬೆರಳು ತೋರಿಸಿದರೂ ಸಾಕು: ಒಂದನೇ ಆಯ್ಕೆಗೆ ಒಂದು ಬೆರಳು, ಎರಡನೆಯದಕ್ಕೆ ಎರಡು.

5. ಇಬ್ಬರಿಗೆ ಒಂದು ಕಂಪ್ಯೂಟರ್

ಒಬ್ಬರು ಟೈಪ್ ಮಾಡುತ್ತಾರೆ, ಇನ್ನೊಬ್ಬರು ಯೋಚಿಸಿ ದಾರಿ ಹೇಳುತ್ತಾರೆ, ತಪ್ಪು ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೊಮ್ಮೆ ಜಾಗ ಬದಲಾಯಿಸಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್‌ನ 554 ವಿದ್ಯಾರ್ಥಿಗಳ ಅಧ್ಯಯನದಲ್ಲಿ, ಹೀಗೆ ಕಲಿತವರಲ್ಲಿ ಕೋರ್ಸ್ ಅರ್ಧಕ್ಕೆ ಬಿಡದವರು ಹೆಚ್ಚು. ಅವರ ಆತ್ಮವಿಶ್ವಾಸವೂ ಹೆಚ್ಚಿತ್ತು. ಜಾಗ ಬದಲಾಯಿಸದಿದ್ದರೆ ಮಾತ್ರ ಒಬ್ಬ ಕೆಲಸ ಮಾಡುತ್ತಾನೆ, ಇನ್ನೊಬ್ಬ ನೋಡುತ್ತಾ ಕೂರುತ್ತಾನೆ. ಅದನ್ನು ಶಿಕ್ಷಕರೇ ನೋಡಿಕೊಳ್ಳಬೇಕು.

ಕಂಪ್ಯೂಟರ್ ಇಲ್ಲದ ಶಾಲೆಯಲ್ಲಿ?

ಮೇಲಿನ ವಿಧಾನಗಳಲ್ಲಿ ಟ್ರೇಸಿಂಗ್, ಚೀಟಿ ಜೋಡಣೆ, ಚರ್ಚೆ ಇವಕ್ಕೆ ಕಂಪ್ಯೂಟರ್ ಬೇಕಿಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಿಂದ 'ಅನ್‌ಪ್ಲಗ್ಡ್' ಹೆಸರಿನಲ್ಲಿ ಕಾರ್ಡು, ಹಗ್ಗ, ಸೀಮೆಸುಣ್ಣ ಬಳಸಿ ಆಡುವ ಚಟುವಟಿಕೆಗಳನ್ನು ಉಚಿತವಾಗಿ ಹಂಚುತ್ತಿದ್ದಾರೆ. ಎತ್ತರದ ಪ್ರಕಾರ ಸಾಲಾಗಿ ನಿಲ್ಲುವ ಆಟದಿಂದ ಸಾರ್ಟಿಂಗ್ ಹೇಳಿಕೊಡಬಹುದು. ಇವು ಕೋಡಿಂಗ್‌ಗೆ ಬದಲಿಯಲ್ಲ, ಒಳ್ಳೆಯ ಆರಂಭ. ಬರೆದು, ಓಡಿಸಿ, ತಪ್ಪು ತಿದ್ದುವ ಅಭ್ಯಾಸ ಮುಂದೆ ಬೇಕೇ ಬೇಕು.

ಆರು ವರ್ಷಕ್ಕೇ ಸೇರಿಸಲೇಬೇಕೇ?

ಇಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ಕೋಡಿಂಗ್ ಚಟುವಟಿಕೆಗಳನ್ನು ಹೇಳಿರುವುದು ಮಾಧ್ಯಮಿಕ ಹಂತಕ್ಕೆ, ಅಂದರೆ 6ರಿಂದ 8ನೇ ತರಗತಿಗೆ. 2020ರಲ್ಲಿ ಮಕ್ಕಳಿಗೆ ಆನ್‌ಲೈನ್ ಕೋಡಿಂಗ್ ಕಲಿಸುವ ಕಂಪನಿಯೊಂದರ 5 ಜಾಹೀರಾತುಗಳು ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ ನಿಯಮಗಳನ್ನು ಮೀರಿವೆ ಎಂದು ಕಂಡುಬಂದು, ಅವನ್ನು ಹಿಂತೆಗೆಯಬೇಕಾಯಿತು. ಕೋಟಿಗಟ್ಟಲೆ ಸಂಬಳ ಗಿಟ್ಟಿಸಿದ ಬಾಲಕ ಎಂದು ಆಗ ಜಾಹೀರಾತುಗಳಲ್ಲಿ ಮೆರೆದಿದ್ದ ಹುಡುಗ ಕಾಲ್ಪನಿಕ ಪಾತ್ರ. ಚಿಕ್ಕ ಮಗು ಆಟವಾಗಿ ಕಲಿತರೆ ಸಂತೋಷವೇ. ಹೆದರಿ ದುಡ್ಡು ಕಟ್ಟುವ ಅಗತ್ಯವಿಲ್ಲ.

ಕೋರ್ಸ್‌ಗೆ ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

- ಕೋಡ್ ಓದಿ ವಿವರಿಸುವ ಅಭ್ಯಾಸ ಇದೆಯೇ, ಅಥವಾ ಬೋರ್ಡ್ ಮೇಲಿನದನ್ನು ನಕಲು ಮಾಡುವುದಷ್ಟೇ ಇದೆಯೇ?
- ಏನೂ ಗೊತ್ತಿಲ್ಲದವರಿಗೆ ಪ್ರತ್ಯೇಕ ತರಗತಿ ಅಥವಾ ಹೆಚ್ಚಿನ ಸಮಯ ಇದೆಯೇ?
- ಸಂದೇಹವನ್ನು ಕನ್ನಡದಲ್ಲಿ ಕೇಳಬಹುದೇ?
- ಪ್ರೋಗ್ರಾಂನಲ್ಲಿ ತಪ್ಪು ಬಂದಾಗ ಬೈಯುತ್ತಾರೆಯೇ, ಹುಡುಕುವುದನ್ನು ಕಲಿಸುತ್ತಾರೆಯೇ?

ನಮ್ಮ ತೀರ್ಮಾನ

"ಕೋಡಿಂಗ್ ಕೆಲವರಿಗೆ ಮಾತ್ರ ಬರುತ್ತದೆ" ಎನ್ನುವುದು ದಾರಿತಪ್ಪಿಸುವ ಮಾತು. ಎಲ್ಲರೂ ಸಾಫ್ಟ್‌ವೇರ್ ಎಂಜಿನಿಯರ್ ಆಗುತ್ತಾರೆ, ಆಗಲೇಬೇಕು ಎಂದು ನಾವು ಹೇಳುತ್ತಿಲ್ಲ. ಎಲ್ಲರಿಗೂ ಒಂದೇ ವೇಗದಲ್ಲಿ ಬರುವುದೂ ಇಲ್ಲ. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಫೇಲಾದ ವಿದ್ಯಾರ್ಥಿಗೆ "ನಿನಗಿದು ಆಗಿಬರುವುದಿಲ್ಲ" ಎನ್ನುವ ಮೊದಲು "ಇದನ್ನು ಹೇಗೆ ಕಲಿಸಲಾಯಿತು?" ಎಂದು ಕೇಳುವುದು ನ್ಯಾಯ. ಕೋಡಿಂಗ್ ಬರದ ತಲೆ ಎಂಬ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ, ಮುಂದೆ ಕಳಿಸುವ ಬದಲು ಆ ಅಕ್ಕಿ-ಬೇಳೆಯ ಮೂರು ಸಾಲನ್ನು ಕಳಿಸಿ ನೋಡಿ. ಉತ್ತರ ತಪ್ಪಿದವರಿಗೂ ಡಬ್ಬಿಯ ಲೆಕ್ಕ ಹೇಳಿದ ಮೇಲೆ ಅರ್ಥವಾಗುತ್ತದೆ.