ಧ್ವನಿಗಳು ಹತ್ತುವ ಬಸ್ಸು

ರಸ್ತೆಯಲ್ಲಿ ಓಡುವ ಬಸ್ಸಿಗೂ ಹಾಡಿನ ಧ್ವನಿಮುದ್ರಣಕ್ಕೂ ಏನು ನಂಟು? ಮೂಲ ಹುಡುಕಿದರೆ ಎರಡರ ಬೇರೂ ಒಂದೇ. ಲ್ಯಾಟಿನ್ ಭಾಷೆಯಲ್ಲಿ 'ಆಮ್ನಿಬಸ್' ಎಂದರೆ 'ಎಲ್ಲರಿಗಾಗಿ'. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗೆ ಈ ಹೆಸರು ಬಂತು. ಮುಂದೆ ವಿದ್ಯುತ್ ಎಂಜಿನಿಯರುಗಳು ಹಲವು ತಂತಿಗಳು ಬಂದು ಸೇರುವ ಲೋಹದ ಪಟ್ಟಿಯನ್ನು 'ಬಸ್ ಬಾರ್' ಎಂದು ಕರೆದರು. ಅದೇ ಪದ ಸ್ಟುಡಿಯೋಗಳನ್ನೂ ಹೊಕ್ಕಿತು. ಹಲವು ಧ್ವನಿಗಳು ಒಂದಾಗಿ ಹರಿಯುವ ದಾರಿಯೇ ಅಲ್ಲಿ 'ಬಸ್'.

ಮೊದಲೆಲ್ಲ ಗಾಯಕರೂ ವಾದ್ಯದವರೂ ಒಟ್ಟಿಗೇ ಹಾಡಿ ನುಡಿಸಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ! ಅಮೆರಿಕದ ಆಂಪೆಕ್ಸ್ ಸಂಸ್ಥೆ 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ ಎಂಟು ಟ್ರ್ಯಾಕಿನ ಟೇಪ್ ಯಂತ್ರ ಒದಗಿಸಿತು. ಎಂಟು ಧ್ವನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಡಲು ಅದರಿಂದ ಸಾಧ್ಯವಾಯಿತು.

ಆದರೆ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ 1967ರಲ್ಲೂ ಇದ್ದದ್ದು ನಾಲ್ಕೇ ಟ್ರ್ಯಾಕು. ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್' ಹಾಡುಗಳು ಮುದ್ರಣಗೊಂಡದ್ದು ಅದರಲ್ಲೇ. ನಾಲ್ಕೂ ತುಂಬಿದಾಗ ಅವನ್ನು ಬೆರೆಸಿ ಇನ್ನೊಂದು ಯಂತ್ರದ ಒಂದೆರಡು ಟ್ರ್ಯಾಕಿಗೆ ಇಳಿಸುತ್ತಿದ್ದರು. ಉಳಿದ ಜಾಗದಲ್ಲಿ ಹೊಸ ವಾದ್ಯ ಸೇರುತ್ತಿತ್ತು. ಆಮೇಲೆ ಡ್ರಮ್ಮಿನ ಸದ್ದು ಕಡಿಮೆಯಾಯಿತೆನಿಸಿದರೂ ಅದೊಂದನ್ನೇ ಏರಿಸುವಂತಿರಲಿಲ್ಲ. ಕಲಸಿದ ಅನ್ನದಿಂದ ಸಾರನ್ನು ಬೇರ್ಪಡಿಸಲಾದೀತೆ?

ಅದೇ ಸ್ಟುಡಿಯೋದಲ್ಲಿ ಪ್ರತಿಧ್ವನಿಗೆಂದೇ ಒಂದು ಕೋಣೆ ಇತ್ತು. ಗಾಯಕರ ಧ್ವನಿಯ ಒಂದಂಶವನ್ನು ಬೇರೊಂದು ದಾರಿಯಲ್ಲಿ ಆ ಕೋಣೆಯ ಧ್ವನಿವರ್ಧಕಕ್ಕೆ ಕಳುಹಿಸಿ, ಅಲ್ಲಿ ಮೊಳಗಿದ್ದನ್ನು ಮೈಕಿನಿಂದ ಹಿಂದಕ್ಕೆ ಪಡೆಯುತ್ತಿದ್ದರು. ಇಂದು ಕಂಪ್ಯೂಟರಿನಲ್ಲಿ ಕಾಣುವ 'ಸೆಂಡ್' ಮತ್ತು 'ರಿಟರ್ನ್' ಈ ಪದ್ಧತಿಯ ಮುಂದುವರಿಕೆಯೇ.

ಕ್ಯಾಲಿಫೋರ್ನಿಯಾದ ಡಿಜಿಡಿಸೈನ್ ಸಂಸ್ಥೆ 1991ರಲ್ಲಿ 'ಪ್ರೊ ಟೂಲ್ಸ್' ಬಿಡುಗಡೆ ಮಾಡಿದಾಗ ಅದರಲ್ಲಿದ್ದದ್ದೂ ನಾಲ್ಕೇ ಟ್ರ್ಯಾಕು ಎಂಬುದು ಸ್ವಾರಸ್ಯದ ಸಂಗತಿ. ಈಗ ಒಂದೇ ಹಾಡಿಗೆ ನೂರಕ್ಕೂ ಹೆಚ್ಚು ಟ್ರ್ಯಾಕು ಇರಬಹುದು. ಒಂದೊಂದನ್ನೇ ಸರಿಪಡಿಸುತ್ತ ಕುಳಿತರೆ ಮುಗಿಯುವ ಕೆಲಸವಲ್ಲ. ಆದ್ದರಿಂದ ತಾಳವಾದ್ಯಗಳಿಗೆ ಒಂದು ಬಸ್, ತಂತಿವಾದ್ಯಗಳಿಗೆ ಒಂದು, ಸಹಗಾಯಕರಿಗೆ ಮತ್ತೊಂದು. ಇವೆಲ್ಲ ಕೊನೆಗೆ 'ಮಾಸ್ಟರ್ ಬಸ್' ಸೇರುತ್ತವೆ. ತಾಳವಾದ್ಯಗಳ ಬಸ್ಸಿನ ಫೇಡರನ್ನು ತುಸು ಇಳಿಸಿದರೆ ಎಲ್ಲ ತಾಳವಾದ್ಯಗಳೂ ತಮ್ಮೊಳಗಿನ ಹದ ಕೆಡದಂತೆ ಇಳಿಯುತ್ತವೆ. ಗಾಯಕಿಯ ಮಾತು ಸ್ಪಷ್ಟವಾಗಿ ಕೇಳುತ್ತದೆ. ಪ್ರತಿಧ್ವನಿಯನ್ನೂ ಒಂದೇ ಬಸ್ಸಿನಲ್ಲಿಟ್ಟು ಎಲ್ಲರೂ ಹಂಚಿಕೊಂಡರೆ, ಬೇರೆ ಬೇರೆ ದಿನ ಹಾಡಿದವರೂ ಒಂದೇ ಸಭಾಂಗಣದಲ್ಲಿ ನಿಂತಂತೆ ಕೇಳಿಸುತ್ತದೆ.

ಹಳೆಯ ಪದ್ಧತಿಗೂ ಇದಕ್ಕೂ ಇರುವ ದೊಡ್ಡ ಅಂತರವೆಂದರೆ, ಕಂಪ್ಯೂಟರಿನಲ್ಲಿ ಬೆರೆತದ್ದು ಮತ್ತೆ ಬೇರೆಯಾಗಬಲ್ಲದು. ಮೂಲ ಟ್ರ್ಯಾಕು ಹಾಗೆಯೇ ಇರುತ್ತದೆ. ನಿರ್ಧಾರವನ್ನು ನಾಳೆಗೆ ಮುಂದೂಡುವ ಅನುಕೂಲ ಇದರಿಂದ ಸಿಕ್ಕಿತು. ಮುಂದೂಡುತ್ತಲೇ ಇರುವ ಅಪಾಯವೂ ಜೊತೆಗೇ ಬಂತು. ಟ್ರ್ಯಾಕುಗಳು ನೂರಿದ್ದರೂ ಸ್ಟೀರಿಯೋ ಕೇಳುಗನಿಗೆ ತಲುಪುವುದು ಎಡ ಮತ್ತು ಬಲ ಎಂಬ ಎರಡೇ ದಾರಿಗಳಲ್ಲಿ. ಯಾವ ಧ್ವನಿ ಮುಂದಿರಬೇಕು, ಯಾವುದು ಹಿಂದೆ ಸರಿಯಬೇಕು ಎಂಬುದನ್ನು ಇಂದಿಗೂ ಯಾರಾದರೊಬ್ಬರು ಕುಳಿತು ತೀರ್ಮಾನಿಸಲೇಬೇಕು.