ದುಂಡುಮೇಜಿನ ಅಗ್ರಸ್ಥಾನ

ದಕ್ಷಿಣ ಇಂಗ್ಲೆಂಡಿನ ವಿಂಚೆಸ್ಟರ್ ನಗರದ ಹಳೆಯ ಕೋಟೆಯಲ್ಲಿ ಇಂದಿಗೂ ಒಂದು ವಿಶಾಲವಾದ ಸಭಾಂಗಣ ಉಳಿದುಕೊಂಡಿದೆ. ಅದರ ಗೋಡೆಯ ಮೇಲೆ, ಭಾರೀ ಗಡಿಯಾರದ ಮುಖದಂತೆ, ಓಕ್ ಮರದ ದುಂಡುಮೇಜೊಂದನ್ನು ತೂಗುಹಾಕಲಾಗಿದೆ. ವ್ಯಾಸ ಸುಮಾರು 18 ಅಡಿ. ತೂಕ ಒಂದು ಟನ್ನಿಗೂ ಹೆಚ್ಚು. ಹಸಿರು ಬಿಳಿ ಪಟ್ಟೆಗಳು, ನಡುವೆ ಗುಲಾಬಿ, ಸುತ್ತಲೂ 24 ವೀರರ ಹೆಸರುಗಳು. ದೊರೆ ಆರ್ಥರನು ತನ್ನ ನೈಟ್‌ಗಳೊಡನೆ ಕುಳಿತ ಮೇಜು ಇದೇ ಎಂದು ಜನ ಬಹುಕಾಲ ನಂಬಿದ್ದರು. 1976ರಲ್ಲಿ ಅದನ್ನು ಕೆಳಗಿಳಿಸಿ ಪರೀಕ್ಷಿಸಿದ ತಜ್ಞರು, ಮೇಜು 13ನೇ ಶತಮಾನದ್ದು, ಬಹುಶಃ ಒಂದನೆಯ ಎಡ್ವರ್ಡನ ಕಾಲದ್ದು ಎಂಬ ತೀರ್ಮಾನಕ್ಕೆ ಬಂದರು. ಆರ್ಥರನೆಂಬ ನಾಯಕನೊಬ್ಬ ನಿಜವಾಗಿ ಬದುಕಿದ್ದನೆಂದು ಒಪ್ಪಿದರೂ ಅವನ ಕಾಲ ಅದಕ್ಕಿಂತ ಏಳು ಶತಮಾನಗಳಷ್ಟು ಹಿಂದಿನದು.

ದುಂಡುಮೇಜಿನ ವೈಶಿಷ್ಟ್ಯ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲ ಸ್ಥಾನವಿಲ್ಲ, ಕೊನೆಯ ಸ್ಥಾನವೂ ಇಲ್ಲ. ಊಟದ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಆದರೆ ವಿಂಚೆಸ್ಟರಿನ ಮೇಜನ್ನು ತುಸು ದಿಟ್ಟಿಸಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಮೇಲ್ಭಾಗದಲ್ಲಿ ಕಿರೀಟಧಾರಿಯಾದ ದೊರೆಯ ಚಿತ್ರವಿದೆ. ಉಳಿದವರಿಗೆ ಬರೀ ಹೆಸರು. ಮೇಜು ದುಂಡಗಿದ್ದರೂ ಅದಕ್ಕೊಂದು ಅಗ್ರಸ್ಥಾನವನ್ನು ಹುಡುಕಿ ಕೊಡಲಾಗಿದೆ! ಆರ್ಥರನ ಕಥಾಚಕ್ರದ ಒಳಗುಟ್ಟು ಈ ವಿರೋಧದಲ್ಲಿಯೇ ಇದೆ.

ಆರ್ಥರನನ್ನು ಯುರೋಪಿನಾದ್ಯಂತ ಪ್ರಸಿದ್ಧಗೊಳಿಸಿದವನು ಮಾನ್‌ಮತ್‌ನ ಜೆಫ್ರಿ. 1136ರ ಸುಮಾರಿಗೆ ಅವನು ಲ್ಯಾಟಿನ್ನಿನಲ್ಲಿ ಬರೆದ ಬ್ರಿಟನ್ನಿನ ಅರಸರ ಚರಿತ್ರೆಯಲ್ಲಿ ದುಂಡುಮೇಜಿನ ಸುಳಿವೇ ಇಲ್ಲ. ಅದು ಮೊದಲು ಕಾಣಿಸುವುದು 1155ರಲ್ಲಿ, ವಾಸ್ ಎಂಬ ಕವಿಯ ಫ್ರೆಂಚ್ ಕಾವ್ಯದಲ್ಲಿ. ತಮಗೇ ಹೆಚ್ಚಿನ ಸ್ಥಾನ ಸಲ್ಲಬೇಕೆಂದು ಬೀಗುತ್ತಿದ್ದ ಸಾಮಂತರ ಬಾಯಿ ಮುಚ್ಚಿಸಲು ದೊರೆ ಹೂಡಿದ ಉಪಾಯವದು. 1200ರ ಆಸುಪಾಸಿನಲ್ಲಿ ಇದೇ ಕಥೆಯನ್ನು ಇಂಗ್ಲಿಷಿಗೆ ತಂದ ಲೇಯಮನ್ ಎಂಬ ಪಾದ್ರಿ ಅದಕ್ಕೆ ರಕ್ತದ ಬಣ್ಣ ಹಚ್ಚಿದ. ಅವನ ಪ್ರಕಾರ ಕ್ರಿಸ್‌ಮಸ್ ಔತಣದಲ್ಲಿ ಸ್ಥಾನಮಾನದ ಜಗಳ ಹತ್ತಿ, ರೊಟ್ಟಿ ಪಾತ್ರೆಗಳ ಎಸೆದಾಟ ಹೋಗಿ ಹೆಣಗಳೇ ಬೀಳುತ್ತವೆ. ಆರ್ಥರ್ ಜಗಳ ಆರಂಭಿಸಿದವನನ್ನು ಕೆಸರಿನಲ್ಲಿ ಮುಳುಗಿಸಿ ಕೊಲ್ಲಲು, ಅವನ ಹತ್ತಿರದ ಹೆಂಗಸರ ಮೂಗು ಕೊಯ್ಯಲು ಆಜ್ಞೆ ಮಾಡುತ್ತಾನೆ. ಆಮೇಲೆ ಕಾರ್ನ್‌ವಾಲಿನ ಒಬ್ಬ ಬಡಗಿ ಬಂದು, 1600ಕ್ಕೂ ಹೆಚ್ಚು ಜನ ಕೂರಬಲ್ಲ, ಹೋದಲ್ಲಿಗೆಲ್ಲ ಹೊತ್ತೊಯ್ಯಬಲ್ಲ ಮೇಜನ್ನು ಮಾಡಿಕೊಡುತ್ತಾನೆ. ಸಮಾನತೆಯ ಈ ಮೇಜು ಹುಟ್ಟಿದ್ದು ಅರಸನ ದಂಡನೆಯ ಬೆನ್ನಿಗೇ ಎಂಬುದನ್ನು ಮರೆಯುವಂತಿಲ್ಲ.

ಈ ಹೆಸರು ನಮ್ಮ ದೇಶದ ಚರಿತ್ರೆಯನ್ನೂ ಸೇರಿತು. 1930ರಿಂದ 1932ರವರೆಗೆ ಲಂಡನ್ನಿನಲ್ಲಿ ನಡೆದ ದುಂಡುಮೇಜಿನ ಪರಿಷತ್ತಿನಲ್ಲಿ ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಭಾಗವಹಿಸಿದ್ದರು. ಹೆಸರು ದುಂಡುಮೇಜಿನದಾದರೂ 1932ರ ಆಗಸ್ಟಿನಲ್ಲಿ ಕೋಮುವಾರು ತೀರ್ಪನ್ನು ಪ್ರಕಟಿಸಿದವರು ಬ್ರಿಟಿಷ್ ಪ್ರಧಾನಿ.

ಇನ್ನು ಕತ್ತಿಯ ವಿಷಯ. ಕಲ್ಲಿನ ಮೇಲಿನ ಕಮ್ಮಾರನ ಅಡಿಗಲ್ಲಿಗೆ ನಾಟಿದ ಕತ್ತಿಯನ್ನು ಕಿತ್ತವನೇ ಅರಸ ಎಂಬ ಪ್ರಸಂಗವನ್ನು ಸೇರಿಸಿದವನು 1200ರ ಸುಮಾರಿನ ಫ್ರೆಂಚ್ ಕವಿ ರೋಬೆರ್ ದ ಬೋರೋಂ. ಅದು ಹಕ್ಕಿನ ಸಂಕೇತ. 1469-70ರಲ್ಲಿ ಸೆರೆಮನೆಯಲ್ಲಿದ್ದುಕೊಂಡು ಇಡೀ ಕಥಾಚಕ್ರವನ್ನು ಇಂಗ್ಲಿಷ್ ಗದ್ಯದಲ್ಲಿ ಮುಗಿಸಿದ ಸರ್ ಥಾಮಸ್ ಮ್ಯಾಲರಿಯ ಕೃತಿಯಲ್ಲಿ, ಸರೋವರದಿಂದ ಬರುವ ಕತ್ತಿ ಇನ್ನೊಂದು. ಅದನ್ನು ಪಡೆದ ಆರ್ಥರನಿಗೆ ಮಾಂತ್ರಿಕ ಮರ್ಲಿನ್ ಒಂದು ಪ್ರಶ್ನೆ ಹಾಕುತ್ತಾನೆ: ಕತ್ತಿ ಮೇಲೋ, ಒರೆ ಮೇಲೋ? ಆರ್ಥರ್ ಕತ್ತಿ ಎನ್ನುತ್ತಾನೆ. ಒರೆಯ ಬೆಲೆ ಹತ್ತು ಕತ್ತಿಗಳಷ್ಟು, ಅದನ್ನು ಧರಿಸಿದವನು ಎಷ್ಟೇ ಗಾಯಗೊಂಡರೂ ರಕ್ತ ಕಳೆದುಕೊಳ್ಳುವುದಿಲ್ಲ ಎಂದು ಮರ್ಲಿನ್ ತಿಳಿಹೇಳುತ್ತಾನೆ. ಮುಂದೆ ಆ ಒರೆಯನ್ನು ಅಕ್ಕ ಮಾರ್ಗನ್ ಕದ್ದು ನೀರಿಗೆಸೆಯುತ್ತಾಳೆ. ಗೆಲ್ಲುವ ಸಾಧನ ಕೈಯಲ್ಲುಳಿಯಿತು, ಕಾಯುವ ಸಾಧನ ಹೋಯಿತು. ಜನ ಕತ್ತಿಯ ಹೆಸರನ್ನಷ್ಟೇ ನೆನಪಿಟ್ಟುಕೊಂಡಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ರೂಪಾಂತರ ಕಂಡದ್ದು ಗ್ರೇಲ್. 12ನೇ ಶತಮಾನದ ಕೊನೆಯಲ್ಲಿ ಕ್ರೆತಿಯಾಂ ದ ತ್ರುವಾ ಬರೆದ, ಅಪೂರ್ಣವಾಗಿಯೇ ಉಳಿದ ಕಾವ್ಯದಲ್ಲಿ ಅದು ಔತಣದಲ್ಲಿ ಬಳಸುವ ಅಗಲವಾದ ತಟ್ಟೆ. ರೋಬೆರ್ ಅದನ್ನು ಯೇಸುವಿನ ಕೊನೆಯ ಭೋಜನದ ಪಾತ್ರೆಯನ್ನಾಗಿಸಿದ. ಜರ್ಮನ್ ಕವಿ ವೋಲ್‌ಫ್ರಾಮ್‌ನಲ್ಲಿ ಅದೊಂದು ಕಲ್ಲು. ವಸ್ತು ಯಾವುದಾದರೇನು, ಕ್ರೆತಿಯಾಂ ಹೇಳಿದ ಪ್ರಸಂಗದ ತೀಕ್ಷ್ಣತೆ ಬೇರೆಯೇ. ಗಾಯಗೊಂಡು ನರಳುತ್ತಿರುವ ಅರಸನೊಬ್ಬನ ಮನೆಯಲ್ಲಿ ತರುಣ ಪರ್ಸಿವಲ್ ಅತಿಥಿ. ರಕ್ತ ತೊಟ್ಟಿಕ್ಕುವ ಈಟಿ, ಹೊಳೆಯುವ ಗ್ರೇಲ್ ಅವನೆದುರೇ ಹಾದುಹೋಗುತ್ತವೆ. ಇದೇನು, ಇದು ಯಾರಿಗಾಗಿ ಎಂದು ಕೇಳಿದ್ದರೆ ಅರಸ ಗುಣವಾಗುತ್ತಿದ್ದ. ಆದರೆ ನೈಟ್ ಆದವನು ಹೆಚ್ಚು ಮಾತಾಡಬಾರದೆಂದು ಗುರು ಹೇಳಿಕೊಟ್ಟಿದ್ದನಲ್ಲ! ಸಭ್ಯತೆಯನ್ನು ಕಲಿತ ಹುಡುಗ ಬಾಯಿ ತೆರೆಯಲಿಲ್ಲ, ನಾಡು ಹಾಳಾಯಿತು. ಕತ್ತಿಯಿಂದ ಆಗದ ಕೆಲಸ ಒಂದು ಮಾತಿನಿಂದ ಆಗಬೇಕಿತ್ತು. ಇಡೀ ಕಥಾಚಕ್ರದಲ್ಲಿ ಇಷ್ಟು ಮಾನವೀಯವಾದ ಸಂಕೇತ ಇನ್ನೊಂದಿಲ್ಲ ಎನ್ನಬಹುದು.

ನಂತರದ ಕಥೆಗಾರರು ಈ ಪ್ರಶ್ನೆಯನ್ನು ಬದಿಗೆ ಸರಿಸಿ ಗ್ರೇಲನ್ನು ಪರಿಶುದ್ಧರಿಗೆ ಮಾತ್ರ ದಕ್ಕುವ ದರ್ಶನವನ್ನಾಗಿಸಿದರು. ಮೇಜಿನಲ್ಲಿ ಒಂದು ಆಸನ ಸದಾ ಖಾಲಿ. ಅನರ್ಹರು ಕುಳಿತರೆ ಸಾವು. ಅದರಲ್ಲಿ ಗಲಹಾಡ್ ಕುಳಿತೊಡನೆ ಎಲ್ಲರೂ ಗ್ರೇಲ್ ಹುಡುಕಲು ಎದ್ದು ಹೊರಡುತ್ತಾರೆ. ಈ ಬಳಗ ಮತ್ತೆಂದೂ ಹೀಗೆ ಕೂಡುವುದಿಲ್ಲವೆಂದು ಆರ್ಥರ್ ಮರುಗುತ್ತಾನೆ. ಹಾಗೆಯೇ ಆಗುತ್ತದೆ: ಅನೇಕರು ಹಿಂದಿರುಗುವುದಿಲ್ಲ. ಉಳಿದವರನ್ನು ರಾಣಿ ಗಿನಿವೇರ್ ಮತ್ತು ಲಾನ್ಸ್‌ಲಾಟರ ಪ್ರೇಮ ಒಡೆಯುತ್ತದೆ. ಸುಡುವ ಶಿಕ್ಷೆಯಿಂದ ರಾಣಿಯನ್ನು ಪಾರುಮಾಡುವ ಗದ್ದಲದಲ್ಲಿ ಲಾನ್ಸ್‌ಲಾಟ್ ಗುರುತು ಸಿಗದೆ ಗವೇನನ ನಿರಾಯುಧ ತಮ್ಮಂದಿರನ್ನು ಕೊಲ್ಲುತ್ತಾನೆ. ಅರಸನ ನಿಷ್ಠೆ, ಪ್ರೇಮದ ನಿಷ್ಠೆ, ರಕ್ತಸಂಬಂಧದ ನಿಷ್ಠೆ ಮೂರೂ ಒಂದಕ್ಕೊಂದು ಎದುರಾಗಿ ನಿಂತ ಮೇಲೆ ಮೇಜು ಉಳಿಯುವುದಾದರೂ ಹೇಗೆ? ಮ್ಯಾಲರಿಯಲ್ಲಿ ಕೊನೆಯ ಯುದ್ಧಕ್ಕೆ ನೆಪ ಒಂದು ಹಾವು. ಸಂಧಾನ ನಡೆಯುತ್ತಿದ್ದಾಗ ಕಾಲಿಗೆ ಕಚ್ಚಿದ ಹಾವನ್ನು ಕೊಲ್ಲಲು ಒಬ್ಬ ಕತ್ತಿ ಹಿರಿಯುತ್ತಾನೆ. ಹೊಳೆದ ಅಲಗನ್ನು ಕಂಡ ಎರಡೂ ಸೈನ್ಯಗಳು ಮೋಸವಾಯಿತೆಂದು ಮುನ್ನುಗ್ಗುತ್ತವೆ.

ಅರಸರಿಗೆ ಈ ದುರಂತ ಬೇಕಿರಲಿಲ್ಲ, ವೈಭವ ಮಾತ್ರ ಬೇಕಿತ್ತು. ಆರ್ಥರನ ಸಮಾಧಿಯನ್ನು ಕಂಡೆವೆಂದು ಗ್ಲಾಸ್ಟನ್‌ಬರಿಯ ಸನ್ಯಾಸಿಗಳು 1191ರಲ್ಲಿ ಸಾರಿದ್ದರು. ವೇಲ್ಸ್ ಜನರೊಡನೆ ಯುದ್ಧ ಮಾಡಿದ ಮರುವರ್ಷ, 1278ರಲ್ಲಿ, ಒಂದನೆಯ ಎಡ್ವರ್ಡ್ ಅದನ್ನು ತೆರೆಸಿ ಮೂಳೆಗಳಿಗೆ ಮರುಸಂಸ್ಕಾರ ಮಾಡಿಸಿದ. ಆರ್ಥರ್ ಮರಳಿ ಬರುವನೆಂದು ಕಾದಿದ್ದವರಿಗೆ ಅದೊಂದು ಉತ್ತರವೂ ಆಗಿತ್ತು. 1485ರಲ್ಲಿ ಕ್ಯಾಕ್ಸ್‌ಟನ್ ಮ್ಯಾಲರಿಯ ಕೃತಿಯನ್ನು ಮುದ್ರಿಸಿದ. ಅದೇ ವರ್ಷ ಯುದ್ಧದಲ್ಲಿ ಸಿಂಹಾಸನ ಗೆದ್ದ ಏಳನೆಯ ಹೆನ್ರಿ, ಮರುವರ್ಷ ವಿಂಚೆಸ್ಟರಿನಲ್ಲೇ ಹುಟ್ಟಿದ ಮೊದಲ ಮಗನಿಗೆ ಆರ್ಥರ್ ಎಂದು ಹೆಸರಿಟ್ಟ. ಆ ಹುಡುಗ 15ನೇ ವಯಸ್ಸಿಗೇ, 1502ರಲ್ಲಿ ತೀರಿಕೊಂಡ. ಅವನ ತಮ್ಮ ಎಂಟನೆಯ ಹೆನ್ರಿ ಮೇಜಿಗೆ ಬಣ್ಣ ಹೊಡೆಸಿ, ನಡುವೆ ತನ್ನ ವಂಶದ ಗುಲಾಬಿಯನ್ನು ಬರೆಸಿ, 1522ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ಗೆ ತೋರಿಸಿದ.

ಬಣ್ಣ ಬಳಿದ ಕಲಾವಿದ ಕಥೆಯನ್ನು ಚೆನ್ನಾಗಿ ಬಲ್ಲವನಿರಬೇಕು. ದೊರೆಯ ಒಂದು ಮಗ್ಗುಲಲ್ಲಿ ಇರುವ ಹೆಸರು, ಗ್ರೇಲಿಗಾಗಿ ಮೇಜು ಬಿಟ್ಟೆದ್ದು ಹಿಂದಿರುಗದ ಗಲಹಾಡನದು. ಇನ್ನೊಂದು ಮಗ್ಗುಲಲ್ಲಿ ಇರುವುದು, ಕೊನೆಯ ಯುದ್ಧದಲ್ಲಿ ಆರ್ಥರನಿಗೆ ಪ್ರಾಣಾಂತಿಕ ಪೆಟ್ಟು ಕೊಟ್ಟ ಅವನ ಸ್ವಂತ ಮಗ ಮಾರ್ಡ್ರೆಡ್.