ದ್ಯೂತಸಭೆಯ ಮಾತಿಗೆ ಹೊಣೆ ಯಾರು?

ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 1076ರಿಂದ 1126ರವರೆಗಿನ ಅರ್ಧ ಶತಮಾನದ ಅವಧಿಯಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನನ್ನು ನಮ್ಮವರು ಸಾಮಾನ್ಯವಾಗಿ ಸ್ಮರಿಸುವುದು ಪಿತ್ರಾರ್ಜಿತ ಸ್ವತ್ತಿನ ಹಂಚಿಕೆಯ ಪ್ರಸಂಗದಲ್ಲಿ. ಆದರೆ ಅದೇ ಗ್ರಂಥದ ವ್ಯವಹಾರಕಾಂಡದಲ್ಲಿ, ಸಾಲ, ಸಾಕ್ಷಿ, ದಾಯ, ಗಡಿ ಇವುಗಳ ವಿವಾದಗಳನ್ನು ಕುರಿತ ಪ್ರಕರಣಗಳ ಸಾಲಿನಲ್ಲಿಯೇ, ದ್ಯೂತಸಮಾಹ್ವಯವೆಂಬ ಪ್ರಕರಣವೊಂದುಂಟು. ದಾಳ ಮೊದಲಾದ ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ. ಕೋಳಿ, ಟಗರು ಮೊದಲಾದ ಪ್ರಾಣಿಗಳ ಮೇಲೆ ಪಣವೊಡ್ಡುವುದು ಸಮಾಹ್ವಯ. ಇಂದು ದೂರವಾಣಿಯ ತೆರೆಯ ಮೇಲೆ ಆನ್‌ಲೈನ್ ಕ್ಯಾಸಿನೋಗಳು ತೋರುವ ಬೋನಸ್ಸಿನ ಆಮಿಷವನ್ನು ನಂಬಬಹುದೇ ಎಂದು ಕೇಳುವವರಿಗೆ ಆ ಹಳೆಯ ಪ್ರಕರಣವು ಒಳ್ಳೆಯ ಅಳತೆಗೋಲನ್ನು ಒದಗಿಸುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಯಾಜ್ಞವಲ್ಕ್ಯನ ವಿಧಿಯಂತೆ ದ್ಯೂತಸಭೆಯನ್ನು ನಡೆಯಿಸುವ ಯಜಮಾನನಿಗೆ ಸಭಿಕನೆಂದು ಹೆಸರು. ನೂರು ಅಥವಾ ಅದಕ್ಕೆ ಮಿಗಿಲಾದ ಗೆಲುವಿನಲ್ಲಿ ಅವನು ನೂರಕ್ಕೆ ಐದರಂತೆಯೂ ಉಳಿದವರಿಂದ ನೂರಕ್ಕೆ ಹತ್ತರಂತೆಯೂ ತನ್ನ ಪಾಲನ್ನು ತೆಗೆದುಕೊಳ್ಳಬಹುದು. ಅದಕ್ಕೆ ಪ್ರತಿಯಾಗಿ ರಾಜನಿಗೆ ಒಪ್ಪಿದ ಭಾಗವನ್ನು ಸಲ್ಲಿಸಬೇಕು, ಸೋತವನಿಂದ ಹಣವನ್ನು ವಸೂಲು ಮಾಡಿ ಗೆದ್ದವನಿಗೆ ಒಪ್ಪಿಸಬೇಕು, ಸತ್ಯವಚನನೂ ಸಹನಶೀಲನೂ ಆಗಿರಬೇಕು. ಇವೆಲ್ಲಕ್ಕಿಂತ ಗಹನವಾದ ನಿಯಮ ಇನ್ನೊಂದಿದೆ: ರಾಜಭಾಗವು ಸಲ್ಲುವ, ಎಲ್ಲರಿಗೂ ಗೊತ್ತಿರುವ, ಸಭಿಕನ ಸಮಕ್ಷದಲ್ಲಿ ನಡೆಯುವ ಆಟದಲ್ಲಿ ಗೆದ್ದ ಹಣವನ್ನು ಮಾತ್ರ ರಾಜನು ಕೊಡಿಸತಕ್ಕದ್ದು, ಮರೆಯಲ್ಲಿ ನಡೆದ ಆಟದ ಗೆಲುವಿಗೆ ಅವನು ಹೊಣೆಗಾರನಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕವಡೆಗಳನ್ನೂ ದಾಳಗಳನ್ನೂ ದ್ಯೂತಾಧ್ಯಕ್ಷನೇ ಒದಗಿಸಬೇಕೆಂದೂ, ಅವುಗಳನ್ನು ಬದಲಾಯಿಸಿದವನಿಗೂ ಗೊತ್ತುಪಡಿಸಿದ ಸ್ಥಳವನ್ನು ಬಿಟ್ಟು ಬೇರೆಡೆ ಆಡಿದವನಿಗೂ 12 ಪಣಗಳ ದಂಡವೆಂದೂ ವಿಧಿಸುತ್ತದೆ. ಜೂಜುಗಾರರು ಬಹುಮಟ್ಟಿಗೆ ಕಪಟದಿಂದಲೇ ಆಡುವವರೆಂಬ ಲೋಕಾನುಭವದ ಮೇಲೆ ನಿಂತ ವ್ಯವಸ್ಥೆಯಿದು.

ಈ ಶಾಸ್ತ್ರಕಾರರಲ್ಲಿ ಯಾರೊಬ್ಬರೂ ಜೂಜನ್ನು ಹೊಗಳಿದವರಲ್ಲ. ಮನುವಂತೂ ದ್ಯೂತವನ್ನೂ ಸಮಾಹ್ವಯವನ್ನೂ ರಾಷ್ಟ್ರದಿಂದಲೇ ನಿವಾರಿಸಬೇಕೆಂದು ರಾಜನಿಗೆ ಕಟ್ಟಪ್ಪಣೆ ಮಾಡಿದ್ದಾನೆ. ವ್ಯವಸ್ಥೆಯಿದ್ದ ಕಡೆಯಲ್ಲಿಯೂ ಅದರ ಭಾರ ಯಾರ ಮೇಲೆ ಬೀಳುತ್ತಿತ್ತೆಂಬುದನ್ನು ಶೂದ್ರಕನ ಮೃಚ್ಛಕಟಿಕದ ಎರಡನೆಯ ಅಂಕವು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ: ಹತ್ತು ಸುವರ್ಣಗಳನ್ನು ಸೋತ ಸಂವಾಹಕನು ಸಭಿಕನಾದ ಮಾಥುರನ ಕೈಗೆ ಸಿಕ್ಕದಿರಲೆಂದು ಓಡಿ, ಪಾಳುಗುಡಿಯೊಂದರಲ್ಲಿ ದೇವರ ವಿಗ್ರಹದಂತೆ ನಿಶ್ಚಲನಾಗಿ ನಿಂತುಕೊಳ್ಳುತ್ತಾನೆ, ಕಡೆಗೆ ನಾಟಕದ ನಾಯಿಕೆಯಾದ ವಸಂತಸೇನೆಯ ಕೈಬಳೆಯಿಂದ ಆ ಋಣ ತೀರಿ, ವಿರಕ್ತನಾದ ಅವನು ಬೌದ್ಧ ಭಿಕ್ಷುವಾಗುತ್ತಾನೆ. ಸಭಿಕನಿಗೆ ಬರಬೇಕಾದದ್ದು ಬೇಗನೆ ಬರುತ್ತದೆ. ಸಭಿಕನಿಂದ ಬರಬೇಕಾದದ್ದು ಬರುವುದಕ್ಕೆ ರಾಜದಂಡದ ಬೆಂಬಲ ಬೇಕು.

ಆಂಗ್ಲರ ಆಡಳಿತದಲ್ಲಿ ಈ ಬೆಂಬಲವೇ ಕಳಚಿಬಿದ್ದಿತು. 1867ರ ಸಾರ್ವಜನಿಕ ಜೂಜು ಕಾಯಿದೆಯು ಜೂಜುಗಟ್ಟೆಗಳನ್ನು ನಡೆಯಿಸುವುದನ್ನು ಅಪರಾಧವೆಂದು ಸಾರಿತು. 1872ರ ಕರಾರು ಕಾಯಿದೆಯ 30ನೆಯ ಪ್ರಕರಣವು ಪಣದ ಒಪ್ಪಂದಗಳನ್ನು ಶೂನ್ಯವೆಂದು ನಿರ್ಣಯಿಸಿ, ಗೆದ್ದೆನೆಂದು ಹೇಳಿಕೊಂಡು ನ್ಯಾಯಾಲಯದ ಬಾಗಿಲನ್ನು ತಟ್ಟಲು ಅವಕಾಶವಿಲ್ಲದಂತೆ ಮಾಡಿತು. ಮರೆಯ ಆಟದ ಗೆಲುವನ್ನು ರಾಜನು ಕೊಡಿಸನು ಎಂದಿದ್ದ ಹಳೆಯ ವಿಧಿಯೇ ಇಲ್ಲಿ, ಕೆಲವು ಅಪವಾದಗಳನ್ನುಳಿದು, ಎಲ್ಲ ಪಣಗಳಿಗೂ ವಿಸ್ತರಿಸಿದಂತಾಯಿತು.

ಅನಂತರ 1994ರಲ್ಲಿ ಕೆರಿಬಿಯನ್ ಸಮುದ್ರದ ಆಂಟಿಗುವಾ ಮತ್ತು ಬಾರ್ಬುಡಾ ಎಂಬ ಪುಟ್ಟ ದ್ವೀಪರಾಷ್ಟ್ರವು ಮುಕ್ತ ವ್ಯಾಪಾರ ವಲಯದ ಕಾಯಿದೆಯೊಂದನ್ನು ಮಾಡಿತು. ಅದರ ಆಶ್ರಯದಲ್ಲಿ ಅಂತರಜಾಲದ ಜೂಜುಮನೆಗಳಿಗೆ ಪರವಾನಗಿ ದೊರೆಯತೊಡಗಿ, ದ್ಯೂತಸಭೆಯು ಒಂದು ದೇಶದಲ್ಲಿಯೂ ಆಟಗಾರನು ಇನ್ನೊಂದು ದೇಶದಲ್ಲಿಯೂ ಇರುವ ಅಪೂರ್ವ ಸ್ಥಿತಿ ಉಂಟಾಯಿತು. ಮುಖವನ್ನು ಕಾಣದ, ಮನೆಯನ್ನು ಅರಿಯದ ಸಭಿಕನ ಕೈಗೆ ಜನರು ಹಣವನ್ನು ಒಪ್ಪಿಸುವಂತೆ ಮಾಡಲು ಆತನು ಹೂಡಿದ ಉಪಾಯವೇ ಬೋನಸ್: ನೀವು ಸಾವಿರ ರೂಪಾಯಿ ಕಟ್ಟಿರಿ, ನಾವೂ ಸಾವಿರವನ್ನು ಸೇರಿಸುತ್ತೇವೆ ಎಂಬ ಮಾತು. ಬೋನಸನ್ನು ಪಡೆದು ಒಡನೆಯೇ ಹಿಂದೆಗೆದುಕೊಂಡು ಹೋಗುವವರನ್ನು ತಡೆಯುವುದಕ್ಕಾಗಿ ಅದರ ಬೆನ್ನಿಗೆ ಷರತ್ತುಗಳೂ ಬಂದವು: ಬೋನಸ್ಸಿನ ಇಂತಿಷ್ಟು ಪಟ್ಟು ಹಣವನ್ನು ಪಣಕ್ಕೊಡ್ಡದೆ ಹಣ ಹಿಂದೆ ಬಾರದು, ಇಂತಿಷ್ಟು ದಿನಗಳೊಳಗೆ ಅದು ಮುಗಿಯಬೇಕು, ಒಂದು ಸಲಕ್ಕೆ ಇಷ್ಟಕ್ಕಿಂತ ಹೆಚ್ಚು ಪಣ ಕೂಡದು, ಇವುಗಳಲ್ಲಿ ಒಂದು ತಪ್ಪಿದರೂ ಗೆಲುವೆಲ್ಲ ಜಪ್ತಿ.

ಇವುಗಳಲ್ಲಿ ಮೊದಲನೆಯದಾದ ವೇಜರಿಂಗ್ ಷರತ್ತಿನ ಅರ್ಥವನ್ನು ಲೆಕ್ಕವೇ ಹೇಳಬೇಕು. ಸಾವಿರ ರೂಪಾಯಿಯ ಬೋನಸ್ಸಿಗೆ 35 ಪಟ್ಟಿನ ವೇಜರಿಂಗ್ ಷರತ್ತು ಇದೆಯೆಂದಾದರೆ ಆಟಗಾರನು ಒಟ್ಟು 35,000 ರೂಪಾಯಿಗಳ ಪಣವನ್ನು ಒಡ್ಡಿ ಮುಗಿಸಬೇಕು. ನೂರಕ್ಕೆ 95ನ್ನು ಹಿಂದಿರುಗಿಸುವ ಸ್ಲಾಟ್ ಆಟದಲ್ಲಿ ಅಷ್ಟು ಪಣಕ್ಕೆ ಸರಾಸರಿ ನಷ್ಟ 1,750 ರೂಪಾಯಿ. ಎಂದರೆ ಉಡುಗೊರೆಯೆಂದು ಬಂದ ಸಾವಿರವೂ ಹೋಗಿ, ಕೈಯಿಂದ ಕಟ್ಟಿದ್ದರಲ್ಲಿ 750 ರೂಪಾಯಿಯೂ ಹೋದಂತೆ. 37 ಮನೆಗಳ ಯುರೋಪಿನ ರೂಲೆಟ್ ಚಕ್ರದಲ್ಲಿ ಆಡಿದರೂ ಜೂಜುಮನೆಯ ಪಾಲು ನೂರಕ್ಕೆ 2.7ರಷ್ಟಾಗಿ, ಸುಮಾರು 946 ರೂಪಾಯಿಗಳು ಕರಗುತ್ತವೆ. ಅನೇಕ ಕಡೆಗಳಲ್ಲಿ ಆ ಚಕ್ರದ ಪಣವನ್ನು ಷರತ್ತಿನ ಲೆಕ್ಕಕ್ಕೆ ಪೂರ್ತಿಯಾಗಿ ಹಿಡಿಯುವುದೂ ಇಲ್ಲ. ಅದೃಷ್ಟಶಾಲಿಯೊಬ್ಬನು ಗೆಲ್ಲಬಹುದು, ಆದರೆ ಇಂಥ ಬೋನಸ್ಸಿನಿಂದ ಸಮುದಾಯಕ್ಕೆ ಸಮುದಾಯವೇ ಲಾಭವನ್ನು ಪಡೆಯುವುದು ಸಾಮಾನ್ಯವಾಗಿ ಗಣಿತಕ್ಕೆ ವಿರುದ್ಧ.

ಜೂಜನ್ನು ಕಾಯಿದೆಬದ್ಧವಾಗಿ ನಡೆಯಗೊಟ್ಟಿರುವ ಬ್ರಿಟನ್ನಿನಲ್ಲಿಯೂ ಈ ಷರತ್ತುಗಳು ಪ್ರಭುತ್ವದ ಕಣ್ಣನ್ನು ಕೆಂಪಾಗಿಸಿದವು. ಅಲ್ಲಿಯ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರವು ವಿಚಾರಣೆ ನಡೆಯಿಸಿ, ಆಟಗಾರನು ತಾನೇ ಕಟ್ಟಿದ ಹಣವನ್ನು ಹಿಂಪಡೆಯುವುದಕ್ಕೆ ಬೋನಸ್ಸಿನ ಷರತ್ತು ಅಡ್ಡಬರಕೂಡದೆಂದು 2018ರಲ್ಲಿ ದೊಡ್ಡ ಸಂಸ್ಥೆಗಳಿಂದ ಮುಚ್ಚಳಿಕೆ ಬರೆಯಿಸಿಕೊಂಡಿತು. ಜೂಜು ಆಯೋಗವು ವೇಜರಿಂಗ್ ಷರತ್ತು ಹತ್ತು ಪಟ್ಟನ್ನು ಮೀರಕೂಡದೆಂಬ ನಿಯಮವನ್ನು 2026ರ ಜನವರಿಯಿಂದ ಅನ್ವಯಿಸಿತು. ದಾಳವನ್ನು ಅಧ್ಯಕ್ಷನೇ ಒದಗಿಸಬೇಕೆಂದ ಕೌಟಿಲ್ಯನ ಕಳವಳವೇ ಈ ನಿಯಮಗಳಲ್ಲಿಯೂ ಇದೆ. ಪರವಾನಗಿ ಕೊಡುವ, ದೂರನ್ನು ಕೇಳುವ, ತಪ್ಪಿದರೆ ದಂಡಿಸುವ ಅಧಿಕಾರವೊಂದು ಇದ್ದಲ್ಲಿಯೂ ಬೋನಸ್ಸಿಗೆ ಇಷ್ಟು ಕಾವಲು ಬೇಕಾಯಿತೆಂದರೆ, ಅದಾವುದೂ ಇಲ್ಲದಲ್ಲಿ ಅದರ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ.

ನಮ್ಮ ದೇಶದಲ್ಲಿ ಪಣ ಮತ್ತು ಜೂಜು ಸಂವಿಧಾನದ ರಾಜ್ಯಪಟ್ಟಿಯ 34ನೆಯ ವಿಷಯ. ಕರ್ನಾಟಕವು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಅನಂತರ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣವನ್ನು ಪಣವಾಗಿಡುವ ಆಟಗಳನ್ನು ಒದಗಿಸುವುದನ್ನೂ, ಅವುಗಳ ಜಾಹೀರಾತನ್ನೂ, ಬ್ಯಾಂಕುಗಳು ಅವುಗಳಿಗೆ ಹಣ ಸಾಗಿಸುವುದನ್ನೂ ನಿಷೇಧಿಸಿದೆ.

ಆದುದರಿಂದ ವಾಚಕರಲ್ಲಿ ನನ್ನ ವಿನಂತಿ ಇಷ್ಟೆ: ಬೋನಸ್ಸಿನ ಮೊತ್ತವನ್ನು ನೋಡಿ ಅದರ ವಿಶ್ವಾಸಾರ್ಹತೆಯನ್ನು ಅಳೆಯಬೇಡಿರಿ. ಗೆದ್ದ ಹಣವನ್ನು ಕೊಡದೆ ಹೋದರೆ ಕೊಡಿಸುವವರು ಯಾರು, ಆಟದ ಸಾಧನವನ್ನು ಪರೀಕ್ಷಿಸಿದವರು ಯಾರು, ಹಣ ಹಿಂದೆ ಬರುವ ಮೊದಲು ಎಷ್ಟು ಪಣವನ್ನು ಒಡ್ಡಬೇಕು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿರಿ. ಕನ್ನಡನಾಡಿನಲ್ಲಿ ಕುಳಿತು ದೂರದ ದ್ವೀಪದ ಜೂಜುಮನೆಗೆ ಹಣ ಕಟ್ಟುವವನಿಗೆ ಮೊದಲನೆಯ ಪ್ರಶ್ನೆಯ ಉತ್ತರ ‘ಯಾರೂ ಇಲ್ಲ’ ಎಂಬುದೇ ಆಗಿದೆ. ಆ ಉತ್ತರ ಬಂದ ಮೇಲೆ ಉಳಿದೆರಡನ್ನು ವಿಚಾರಿಸುವ ಅಗತ್ಯವಿಲ್ಲ. ಅಂಥ ಬೋನಸ್ ವಿಶ್ವಾಸಕ್ಕೆ ಅರ್ಹವಲ್ಲ.